ಕಲ್ಲಿನ ಕುಸುರಿಗೆ ಬೆಳಕಿನ ಅಳತೆ

ಪುಣೆಯಿಂದ ಸಾತಾರೆಗೆ ಹೋಗುವ ಹಳೆಯ ರಸ್ತೆಯಲ್ಲಿ, ಕಾತ್ರಜದ ಘಟ್ಟ ಹತ್ತುವುದಕ್ಕೆ ಮುನ್ನ, ಧನಕವಡಿ ಸಿಗುತ್ತದೆ. ಒಂದು ಕಾಲಕ್ಕೆ ನಗರದ ಹೊರಗಿನ ಹಳ್ಳಿಯಾಗಿದ್ದ ಇದು ಇಂದು ಮಹಾನಗರದ ಮೈಯಲ್ಲಿ ಬೆರೆತುಹೋದ ಬಡಾವಣೆ. 1983ರಲ್ಲಿ ಸ್ಥಾಪಿತವಾದ ಪುಣೆ ಇನ್‌ಸ್ಟಿಟ್ಯೂಟ್ ಆಫ್ ಕಂಪ್ಯೂಟರ್ ಟೆಕ್ನಾಲಜಿ, ಭಾರತೀ ವಿದ್ಯಾಪೀಠದ ವಿಸ್ತಾರವಾದ ಆವರಣ ಇವುಗಳಿಂದಾಗಿ ಬೆಳಗಾವಿ, ಧಾರವಾಡ, ವಿಜಯಪುರ, ಕಲಬುರ್ಗಿಗಳ ಕಡೆಯ ತರುಣರು ಇಲ್ಲಿ ಬಾಡಿಗೆಯ ಕೋಣೆ ಹಿಡಿದು ಓದುವುದುಂಟು. ಓದಿ ಇಲ್ಲಿಯೇ ನೆಲೆಸುವುದೂ ಉಂಟು. 18ನೆಯ ಶತಮಾನದ ಮಧ್ಯದಲ್ಲಿ ನಾನಾಸಾಹೇಬ ಪೇಶವೆಯವರು ಕಾತ್ರಜದ ಕೆರೆಯಿಂದ ಶನಿವಾರವಾಡೆಯವರೆಗೆ ಕಟ್ಟಿಸಿದ ನೆಲದಡಿಯ ನೀರ್ಗಾಲುವೆ ಇದೇ ದಿಕ್ಕಿನಿಂದ ನಗರಕ್ಕೆ ಇಳಿದುಹೋಗುತ್ತದೆ. ಮನುಷ್ಯನು ಒಳಗೆ ನಡೆದುಹೋಗಬಹುದಾದಷ್ಟು ದೊಡ್ಡದಾದ ಆ ಕಾಲುವೆ ಇಂದಿಗೂ ಅಲ್ಲಲ್ಲಿ ಉಳಿದಿದೆ. ಆದರೆ ಅದು ನೀರುಣಿಸಿದ ಅರಮನೆ ಉಳಿದಿಲ್ಲ. 1828ರ ಬೆಂಕಿಯಲ್ಲಿ ಶನಿವಾರವಾಡೆಯ ಒಳಮನೆಗಳು ಸುಟ್ಟುಹೋದವು. ಕೋಟೆಗೋಡೆ, ದಿಲ್ಲಿ ದರವಾಜೆ, ಕಟ್ಟಡಗಳ ಅಡಿಪಾಯ, ಕಾರಂಜಿಯ ಕಮಲ ಇಷ್ಟೇ ಇಂದು ನೋಡಲು ಸಿಗುವುದು. ಮರದ ಕಂಬ, ಬೋದಿಗೆ, ಕಮಾನುಗಳ ಕೆತ್ತನೆ ಹೇಗಿತ್ತೆಂಬುದನ್ನು ಅಂಗುಲದ ಲೆಕ್ಕದಲ್ಲಿ ಹೇಳಬಲ್ಲವರು ಈಗ ಯಾರೂ ಇಲ್ಲ.

ಇದಕ್ಕೆ ಸರಿಯಾಗಿ ಎದುರು ನಿಲ್ಲುವ ಇನ್ನೊಂದು ಬೆಂಕಿಯ ಕಥೆ ಇತ್ತೀಚಿನದು. ಪ್ಯಾರಿಸ್ಸಿನ ನೋತ್ರ್ ದಾಮ್ ದೇವಾಲಯದ ಮಾಡು 2019ರ ಏಪ್ರಿಲ್ 15ರಂದು ಉರಿದು ಬಿದ್ದಿತು. ಅದಕ್ಕೆ ಒಂಬತ್ತು ವರ್ಷ ಮುಂಚೆ, 2010ರಲ್ಲಿ, ಆಂಡ್ರೂ ಟ್ಯಾಲನ್ ಎಂಬ ಕಲೇತಿಹಾಸಕಾರರು ಲೇಸರ್ ಯಂತ್ರದಿಂದ ಆ ಕಟ್ಟಡವನ್ನು ಅಳೆದು ನೂರು ಕೋಟಿಗೂ ಮಿಕ್ಕ ಬಿಂದುಗಳನ್ನು ಸಂಗ್ರಹಿಸಿದ್ದರು. ಸುಟ್ಟ ದೇವಾಲಯವನ್ನು ಮರಳಿ ಕಟ್ಟುವವರಿಗೆ ಆ ದಾಖಲೆ ಕೈಗೆ ಸಿಕ್ಕಿತು. ಆದರೆ ಮಾಡಿನ ಮರದ ಚೌಕಟ್ಟಿನ ಕುರಿತಾಗಿ ಹೆಚ್ಚು ನೆರವಾದುದು ಇಬ್ಬರು ವಾಸ್ತುಶಿಲ್ಪಿಗಳು 2014ರಲ್ಲಿ ತೊಲೆತೊಲೆಯನ್ನೂ ಅಳೆದು ಬರೆದಿದ್ದ ನಕ್ಷೆ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಯಂತ್ರವು ಮನುಷ್ಯನ ಅಳತೆಗೋಲನ್ನು ಮೂಲೆಗೊತ್ತಿತೆಂದು ಹೇಳುವವರು ಈ ಸಂಗತಿಯನ್ನು ಮರೆಯುತ್ತಾರೆ. 2024ರ ಡಿಸೆಂಬರಿನಲ್ಲಿ ದೇವಾಲಯದ ಬಾಗಿಲು ತೆರೆಯಿತು.

ಕನ್ನಡ ನಾಡಿನ ದೇವಾಲಯಗಳ ಅಳತೆಯ ಇತಿಹಾಸವನ್ನು ಬರೆಯಹೊರಟವನು ಪುಣೆಯನ್ನು ಬಿಟ್ಟು ಬರೆಯಲಾರ. ಭಾರತ ಪುರಾತತ್ತ್ವ ಸಮೀಕ್ಷೆಯ ಪಶ್ಚಿಮ ವಲಯದ ಕಚೇರಿ ಇದ್ದುದು ಪುಣೆಯಲ್ಲಿ. ಹೆನ್ರಿ ಕಸನ್ಸ್ ಎಂಬ ಅಧಿಕಾರಿ ಆ ವಲಯದ ಮುಖ್ಯಸ್ಥರಾಗಿ 1910ರವರೆಗೆ ದುಡಿದರು. ಅವರ ವಿಜಾಪುರದ ಗ್ರಂಥ 1916ರಲ್ಲಿಯೂ, ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವನ್ನು ಕುರಿತ ಮಹಾಗ್ರಂಥ 1926ರಲ್ಲಿಯೂ ಹೊರಬಂದವು. ಲಕ್ಕುಂಡಿ, ಗದಗು, ಡಂಬಳ, ಬಾದಾಮಿ, ಐಹೊಳೆಗಳ ಕಲ್ಲುಗಳು ಕಾಗದದ ಮೇಲೆ ರೇಖೆಗಳಾಗಿ ಘಟ್ಟದ ಕೆಳಗಿನ ಈ ನಗರಕ್ಕೆ ಬಂದು ಸೇರಿದವು. ಆ ಕಾಲದ ಕನ್ನಡಿಗನಿಗೆ ತನ್ನೂರಿನ ಗುಡಿಯ ನಕ್ಷೆ ಬೇಕಾಗಿದ್ದರೆ ತನ್ನೂರಿನಲ್ಲಿ ಸಿಗುತ್ತಿರಲಿಲ್ಲ, ಪುಣೆಯಲ್ಲಿ ಸಿಗುತ್ತಿತ್ತು.

ಅದೂ ಎಲ್ಲವೂ ಪುಣೆಯಲ್ಲಿ ಸಿಗುತ್ತಿರಲಿಲ್ಲ. ನಾಡು ಹರಿದು ಹಂಚಿಹೋಗಿದ್ದಂತೆ ಅದರ ವಾಸ್ತುವಿನ ದಾಖಲೆಯೂ ಹರಿದು ಹಂಚಿಹೋಗಿತ್ತು. ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿದ್ದುದರಿಂದ ಅಲ್ಲಿಯ ಚಾಲುಕ್ಯ ಗುಡಿಗಳನ್ನು ಅಲೆಗ್ಸಾಂಡರ್ ರೀ ಅಳೆದು 1896ರಲ್ಲಿ ಮದರಾಸಿನಿಂದ ಪ್ರಕಟಿಸಿದರು; ಹಂಪೆಯನ್ನು ಕುರಿತು ಲಾಂಗ್‌ಹರ್ಸ್ಟ್ ಅವರ ಪುಸ್ತಕವೂ 1917ರಲ್ಲಿ ಮದರಾಸಿನಿಂದಲೇ ಬಂದಿತು. ಮೈಸೂರು ಸಂಸ್ಥಾನದಲ್ಲಿ 1885ರಲ್ಲಿ ತೊಡಗಿದ ಪುರಾತತ್ತ್ವ ಇಲಾಖೆ ಬೇರೆ. ಅಲ್ಲಿ ಆರ್. ನರಸಿಂಹಾಚಾರ್ಯರು ಸೋಮನಾಥಪುರ, ಬೇಲೂರು, ದೊಡ್ಡಗದ್ದವಳ್ಳಿಗಳನ್ನು ಕುರಿತು 1917 ಮತ್ತು 1919ರಲ್ಲಿ ಪ್ರತ್ಯೇಕ ಪುಸ್ತಕಗಳನ್ನು ಹೊರತಂದರು. ಇಟಗಿಯ ಮಹಾದೇವ ದೇವಾಲಯ, ಅಂದರೆ 1112ರ ಶಾಸನವು ದೇವಾಲಯ ಚಕ್ರವರ್ತಿಯೆಂದು ಕರೆದ ಗುಡಿ, ನಿಜಾಮರ ರಾಜ್ಯದಲ್ಲಿತ್ತು. ಕಸನ್ಸರು ಗಡಿಯನ್ನು ಲೆಕ್ಕಿಸದೆ ಅದನ್ನೂ ತಮ್ಮ ಗ್ರಂಥದಲ್ಲಿ ಸೇರಿಸಿದುದು ಅವರ ವಿವೇಕ. ಒಂದೇ ಶಿಲ್ಪಿಗಳ ಪರಂಪರೆ, ಒಂದೇ ಬಳಪದ ಕಲ್ಲು, ಒಂದೇ ಬಗೆಯ ತಿರುಗಣೆಯ ಕಂಬ. ಅಳತೆ ಮಾತ್ರ ನಾಲ್ಕು ಸರಕಾರಗಳ ನಾಲ್ಕು ಕಡತಗಳಲ್ಲಿ. 1956ರಲ್ಲಿ ನಾಡು ಒಂದಾಯಿತು, ಆದರೆ ಕಡತಗಳು ಒಂದಾಗಲಿಲ್ಲ.

ಇವೆಲ್ಲಕ್ಕೂ ಹಿಂದಿನದು ಹಂಪೆಯ ಚಿತ್ರಲೇಖನ. ಕಾಲಿನ್ ಮೆಕೆಂಜಿಯ ಸಮೀಕ್ಷಕರು 1800ರ ಸುಮಾರಿಗೆ ಆ ಹಾಳೂರಿನ ನಕ್ಷೆಯನ್ನು ತೆಗೆದರು. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವುಗಳ ಮೇಲೆ ಹಂಪೆಯ ಗುಡಿಗಳ ಛಾಯಾಚಿತ್ರಗಳನ್ನು ತೆಗೆದನು. ಆ ನೆಗೆಟಿವುಗಳು ಬಹುಕಾಲ ಕಣ್ಮರೆಯಾಗಿದ್ದು 1980ರಲ್ಲಿ ಮತ್ತೆ ಬೆಳಕಿಗೆ ಬಂದವು. ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಕಲ್ಲಿನ ರಥವನ್ನು ಕಾಣದ ಕನ್ನಡಿಗನಿಲ್ಲ. ಕಿಸೆಯಲ್ಲಿರುವ ಐವತ್ತು ರೂಪಾಯಿಯ ಹೊಸ ನೋಟಿನ ಮೇಲೂ ಅದುಂಟು. ಆದರೆ ಇಂದು ಕಾಣುವ ರಥದ ತಲೆ ಬೋಳು. ಗ್ರೀನ್‌ಲಾನ ಚಿತ್ರದಲ್ಲಿ ಅದರ ಮೇಲೆ ಇಟ್ಟಿಗೆ ಗಾರೆಗಳ ಶಿಖರವೊಂದು ನಿಂತಿದೆ. 19ನೆಯ ಶತಮಾನ ಮುಗಿಯುವುದರೊಳಗೆ ಅದನ್ನು ತೆಗೆದುಹಾಕಲಾಯಿತು. ಆ ಒಂದು ಕಾಗದದ ಹಾಳೆ ಉಳಿಯದೆ ಹೋಗಿದ್ದರೆ, ರಥವು ಮೊದಲಿನಿಂದಲೂ ಬೋಳಾಗಿಯೇ ಇತ್ತೆಂದು ವಿದ್ವಾಂಸರೂ ನಂಬುವ ಸಂಭವವಿತ್ತು.

ಪುಣೆಯ ವಾಚಕರಿಗೆ ವಿಠ್ಠಲನ ಹೆಸರು ಬಂದಕೂಡಲೆ ಪಂಢರಪುರ ನೆನಪಾಗುವುದು ಸಹಜ. ಕೃಷ್ಣದೇವರಾಯನು ಪಂಢರಪುರದ ಮೂರ್ತಿಯನ್ನು ಹಂಪೆಗೆ ಒಯ್ದನೆಂದೂ, ಏಕನಾಥರ ಮುತ್ತಾತನಾದ ಭಾನುದಾಸನು ಅದನ್ನು ಮರಳಿ ತಂದನೆಂದೂ ವಾರಕರಿಗಳ ಐತಿಹ್ಯ ಹೇಳುತ್ತದೆ. ಐತಿಹ್ಯವನ್ನು ಐತಿಹ್ಯವೆಂದೇ ಬಿಡೋಣ. ಹಂಪೆಯ ದೇವಾಲಯದ ಮೂಲ 15ನೆಯ ಶತಮಾನದ್ದು. ಕೃಷ್ಣದೇವರಾಯನ ಕಾಲದಲ್ಲಿ, 1513ರಿಂದ ಮುಂದೆ, ಅದು ಬಹಳವಾಗಿ ಬೆಳೆಯಿತು. 1554ರಲ್ಲಿ ಉಯ್ಯಾಲೆಯ ಮಂಟಪ ಸೇರಿತು. 1565ರ ಯುದ್ಧದೊಡನೆ ಎಲ್ಲವೂ ನಿಂತಿತು.

ಇನ್ನು ಬೆಳಕಿನಿಂದ ಅಳೆಯುವ ವಿಧಾನ. ಯಂತ್ರವು ಮೂರು ಕಾಲಿನ ಪೀಠದ ಮೇಲೆ ನಿಂತು ಲೇಸರ್ ಕಿರಣವನ್ನು ಎಲ್ಲ ದಿಕ್ಕುಗಳಿಗೂ ಬೀಸುತ್ತದೆ. ಕಿರಣ ಕಲ್ಲಿಗೆ ತಾಗಿ ಮರಳಿ ಬರುವುದಕ್ಕೆ ಹಿಡಿದ ಕಾಲದಿಂದಾಗಲಿ, ಹೋದ ಅಲೆಗೂ ಬಂದ ಅಲೆಗೂ ಇರುವ ಹಂತಭೇದದಿಂದಾಗಲಿ ದೂರವನ್ನು ಗಣಿಸುತ್ತದೆ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು. ಒಂದು ಮಿಲಿಮೀಟರಿನಷ್ಟು ದೂರವನ್ನು ಹೋಗಿ ಬರುವುದಕ್ಕೆ, ಒಂದು ಸೆಕೆಂಡನ್ನು ಲಕ್ಷ ಕೋಟಿ ಭಾಗ ಮಾಡಿದರೆ, ಅಂಥ ಸುಮಾರು ಏಳು ಭಾಗ ಸಾಕು. ಅಷ್ಟು ಸೂಕ್ಷ್ಮವಾದ ಕಾಲವನ್ನು ಅಳೆಯುವ ಕೌಶಲವೇ ಈ ವಿದ್ಯೆಯ ತಿರುಳು. ಹೀಗೆ ಅಳೆದ ಪ್ರತಿಯೊಂದು ಹೊಡೆತವೂ ಆಕಾಶದಲ್ಲಿ ಒಂದು ಬಿಂದು. ಕೋಟ್ಯಂತರ ಬಿಂದುಗಳು ಸೇರಿ ಕಟ್ಟಡದ ಆಕಾರದ ಮೋಡವೊಂದು ಗಣಕದ ಪರದೆಯ ಮೇಲೆ ತೇಲುತ್ತದೆ. ಇದಕ್ಕೆ ಬಿಂದುಮೇಘವೆನ್ನಬಹುದು. ಒಂದು ನಿಲುವಿನಿಂದ ಕಂಬದ ಹಿಂಬದಿ ಕಾಣದು. ಆದುದರಿಂದ ಯಂತ್ರವನ್ನು ಹತ್ತಾರು ಕಡೆ ನಿಲ್ಲಿಸಿ, ಬಂದ ಮೋಡಗಳನ್ನು ಒಂದರೊಡನೊಂದು ಹೊಂದಿಸಬೇಕು. ಹತ್ತಿರದ ಬಿಂದುಗಳನ್ನು ಜೋಡಿಮಾಡಿ, ಸರಿಸಿ, ಮತ್ತೆ ಜೋಡಿಮಾಡಿ, ತಪ್ಪು ಕನಿಷ್ಠವಾಗುವವರೆಗೆ ಸಾಗುವ ಒಂದು ಕ್ರಮವನ್ನು ಬೆಸಲ್ ಮತ್ತು ಮೆಕೇ ಎಂಬವರು 1992ರಲ್ಲಿ ಪ್ರಕಟಿಸಿದರು. ಆಮೇಲೆ ಬಿಂದುಬಿಂದುಗಳನ್ನು ಸೇರಿಸಿ ತ್ರಿಕೋನಗಳ ಬಲೆಯನ್ನು ನೇಯುವುದು. ಇದು ಬಂದಾಗ ಮೋಡಕ್ಕೆ ಮೈ ಬಂದಂತೆ.

ಈ ತಂತ್ರ ಹುಟ್ಟಿದುದು ಗುಡಿಗಳಿಗಾಗಿ ಅಲ್ಲ. ಕಾರ್ಖಾನೆಯ ಕೊಳವೆಗಳು, ಯಂತ್ರದ ಭಾಗಗಳು, ಸೇತುವೆಗಳು ಇವುಗಳ ಅಳತೆಗಾಗಿ ಅದು ಬೆಳೆಯಿತು. ಪುಣೆಯ ಸುತ್ತಲಿನ ಕಾರ್ಖಾನೆಗಳಲ್ಲಿ ದುಡಿಯುವ ಇಂಜಿನಿಯರರಿಗೆ ಇದು ಪರಿಚಿತವಾದ ಕೆಲಸ: ನಕ್ಷೆಯಿಲ್ಲದ ಹಳೆಯ ಬಿಡಿಭಾಗವನ್ನು ಅಳೆದು, ಬಿಂದುಗಳಿಂದ ಸಮತಲ, ಉರುಳೆ, ಶಂಕು, ಗೋಲಗಳನ್ನು ಗುರುತಿಸಿ, ಅವುಗಳಿಂದ ಮತ್ತೆ ನಕ್ಷೆ ಕಟ್ಟುವುದು. ಎರಕದ ಭಾಗವೊಂದು ಇಂಥ ಹತ್ತಿಪ್ಪತ್ತು ಆಕಾರಗಳ ಕೂಟವೆಂದು ಗಣಕಕ್ಕೆ ಹೇಳಿದರೆ ಅದು ಒಪ್ಪುತ್ತದೆ. ಮಕರತೋರಣವನ್ನು ಹಾಗೆಂದು ಹೇಳುವುದು ಹೇಗೆ? ಮಕರದ ಬಾಯಿಂದ ಹೊರಟ ಬಳ್ಳಿ ಸುರುಳಿಯಾಗಿ ಕೀರ್ತಿಮುಖದ ಕೋರೆಗೆ ಸೇರುವಲ್ಲಿ ಒಂದೂ ಸಮತಲವಿಲ್ಲ, ಒಂದೂ ಉರುಳೆಯಿಲ್ಲ. ಪಡಿಯಚ್ಚಿನ ಜಗತ್ತಿಗೆ ಹುಟ್ಟಿದ ತಂತ್ರಕ್ಕೆ ಉಳಿಯ ಜಗತ್ತು ಕಗ್ಗಂಟಾಗುವುದು ಇಲ್ಲಿ.

ಆದರೂ ಕನ್ನಡ ನಾಡಿನ ಗುಡಿಗಳಲ್ಲಿ ಗಣಿತಕ್ಕೆ ಸುಲಭವಾಗಿ ಒಗ್ಗುವ ಒಂದು ಭಾಗವುಂಟು. ಅದು ತಿರುಗಣೆಯಲ್ಲಿ ಕಡೆದ ಕಂಬ. ಕಲ್ಯಾಣದ ಚಾಲುಕ್ಯರ ಕಾಲದ ಕಂಬದ ಗಂಟೆ, ಕುಂಭ, ಬಳೆಗಳೆಲ್ಲವೂ ಒಂದೇ ರೇಖೆಯನ್ನು ಒಂದು ಅಚ್ಚಿನ ಸುತ್ತ ತಿರುಗಿಸಿದರೆ ಮೂಡುವ ಆಕಾರಗಳು. ಬಿಂದುಗಳಿಂದ ಮೊದಲು ಅಚ್ಚನ್ನು ಕಂಡುಹಿಡಿದು, ಎಲ್ಲವನ್ನೂ ಆ ಅಚ್ಚಿನ ಒಂದೇ ಪಕ್ಕಕ್ಕೆ ಮಡಿಸಿದರೆ, ಕಂಬದ ಅಂಚಿನ ರೇಖೆ ತಾನಾಗಿ ಕಾಣುತ್ತದೆ. ಆ ರೇಖೆಯಿಂದ ಕಟ್ಟಿದ ಮಾದರಿಗೂ ನಿಜವಾದ ಕಲ್ಲಿಗೂ ಇರುವ ವ್ಯತ್ಯಾಸವನ್ನು ಬಿಂದುಬಿಂದುವಿನಲ್ಲಿಯೂ ತೆಗೆಯಬಹುದು. ಕಂಬ ಎಲ್ಲಿ ಸವೆದಿದೆ, ಎಲ್ಲಿ ವಾಲಿದೆ, ಎಲ್ಲಿ ತಿರುಗಣೆಯಿಂದ ಇಳಿಸಿದ ಮೇಲೆ ಉಳಿಯಿಂದ ಕೆತ್ತಿದ ಮಣಿಸರವಿದೆ ಎಂಬುದು ಆ ವ್ಯತ್ಯಾಸದಲ್ಲಿ ತಿಳಿಯುತ್ತದೆ. ಈ ಕಂಬಗಳನ್ನು ಹೇಗೆ ಕಡೆದರು, ನಿಲ್ಲಿಸಿಯೋ ಮಲಗಿಸಿಯೋ ಎಂಬ ವಿಚಾರಕ್ಕೆ ಊಹೆಗಿಂತ ಇಂಥ ಅಳತೆಯೇ ಹೆಚ್ಚಿನ ಆಧಾರವಾದೀತು.

ನಕ್ಷತ್ರಾಕಾರದ ತಳವಿನ್ಯಾಸವೂ ಹಾಗೆಯೇ. ಡಂಬಳದ ದೊಡ್ಡಬಸಪ್ಪನ ಗುಡಿಯ ವಿಮಾನಕ್ಕೆ 24 ಮೂಲೆಗಳು. ಒಂದೇ ನಡುವಿನ ಸುತ್ತ ಆರು ಚೌಕಗಳನ್ನು 15 ಅಂಶಗಳಂತೆ ತಿರುಗಿಸಿದರೆ ಆ ಮೂಲೆಗಳು ದೊರೆಯುತ್ತವೆ. ಸೋಮನಾಥಪುರದ ಮೂರು ವಿಮಾನಗಳಲ್ಲಿ 16 ಮೂಲೆಗಳು, ಅಂದರೆ ನಾಲ್ಕು ಚೌಕಗಳು ಮತ್ತು ಇಪ್ಪತ್ತೆರಡೂವರೆ ಅಂಶ. ಗೂಟ ಮತ್ತು ಹಗ್ಗಗಳಿಂದ ನೆಲದ ಮೇಲೆ ಬಿಡಿಸಿದ ವಿನ್ಯಾಸ ನೂರಾರು ಕಲ್ಲುಗಳಾಗಿ ಮೇಲೇರುವಾಗ ಎಷ್ಟು ನೇರವಾಗಿ ಉಳಿಯಿತೆಂಬುದನ್ನು ಹಳೆಯ ಪಟ್ಟಿಯಳತೆ ಹೇಳಲಾರದು, ಬಿಂದುಮೇಘ ಹೇಳಬಲ್ಲುದು. ಹಾಲೆಂಡಿನ ಗೆರಾರ್ಡ್ ಫೂಕೆಮಾ, ಬ್ರಿಟನ್ನಿನ ಆಡಮ್ ಹಾರ್ಡಿ ಇವರು ಲೇಸರ್ ಇಲ್ಲದೆಯೇ, ಕಣ್ಣಿನಿಂದಲೂ ಲೇಖನಿಯಿಂದಲೂ, ಈ ವಾಸ್ತುವಿನ ವ್ಯಾಕರಣವನ್ನು ಬಿಡಿಸಿ ತೋರಿಸಿದವರು. ಕೂಟ, ಪಂಜರ, ಶಾಲೆಗಳೆಂಬ ಪುಟ್ಟ ಗುಡಿಗಳ ರೂಪಗಳೇ ಕೂಡಿ ಗೋಡೆಯೂ ಶಿಖರವೂ ಆಗುತ್ತವೆಂಬುದು ಅವರ ವಿವರಣೆಯ ಸಾರ. ಹಾರ್ಡಿಯವರ ಕರ್ಣಾಟ ದ್ರಾವಿಡ ಪರಂಪರೆಯ ಗ್ರಂಥ 1995ರಲ್ಲಿ ಪ್ರಕಟವಾಯಿತು. ಯಂತ್ರಕ್ಕೆ ಈ ವ್ಯಾಕರಣ ತಿಳಿಯದು. ಅದಕ್ಕೆ ಕಪೋತವೂ ಕುಮುದವೂ ಗೋಡೆಯ ಮೇಲಿನ ಕಲೆಯೂ ಒಂದೇ.

ಡಬ್ಲಿನ್ನಿನ ಮರ್ಫಿ ಮತ್ತು ಅವರ ಸಂಗಡಿಗರು 2009ರ ಹೊತ್ತಿಗೆ ಇದಕ್ಕೊಂದು ದಾರಿ ಕಂಡರು. ಯೂರೋಪಿನ 18ನೆಯ ಶತಮಾನದ ಮಾದರಿ ಪುಸ್ತಕಗಳಲ್ಲಿ ಕಿಟಕಿ, ಕಂಬ, ಕಾರ್ನಿಸುಗಳ ಪ್ರಮಾಣಗಳನ್ನು ಕೊಟ್ಟಿದ್ದಾರೆ. ಅವುಗಳಿಂದ ಹಿಗ್ಗಿಸಿ ಕುಗ್ಗಿಸಬಹುದಾದ ಘಟಕಗಳ ಭಂಡಾರವೊಂದನ್ನು ಗಣಕದಲ್ಲಿ ಕಟ್ಟಿ, ಬಿಂದುಮೇಘದ ಮೇಲೆ ಒಂದೊಂದನ್ನೂ ಹೊಂದಿಸುವುದು. ಇದೇ ದಾರಿಯಲ್ಲಿ ಮಯಮತ, ಮಾನಸಾರ, ಸಮರಾಂಗಣ ಸೂತ್ರಧಾರಗಳ ಸಂಖ್ಯೆಗಳನ್ನು ಗಣಕಕ್ಕೆ ಉಣಿಸಿದರಾಯಿತೆಂದು ಹೇಳುವುದು ಸುಲಭ. ಆದರೆ ಧಾರವಾಡ ಸೀಮೆಯ ಶಿಲ್ಪಿ ಗ್ರಂಥವನ್ನು ಕೈಯಲ್ಲಿ ಹಿಡಿದು ಕೆತ್ತಿದನೆಂದು ನಂಬುವುದಕ್ಕೆ ಆಧಾರ ಸಾಲದು. ಮೊದಲು ಲಕ್ಕುಂಡಿಯ ಕುಮುದವನ್ನು ಅಳೆಯಬೇಕು, ಆಮೇಲೆ ಗ್ರಂಥವನ್ನು ತೆರೆಯಬೇಕು. ಕ್ರಮವನ್ನು ತಿರುಗಿಸಿದರೆ ಶಾಸ್ತ್ರ ಗೆದ್ದೀತು, ಕಲ್ಲು ಸೋತೀತು.

ಕುಸುರಿಯ ಗಾತ್ರದ ಲೆಕ್ಕವನ್ನೂ ನೋಡಬೇಕು. ಎರಡು ಬಿಂದುಗಳ ನಡುವೆ 1 ಮಿಲಿಮೀಟರ್ ಅಂತರವಿಟ್ಟರೆ ಒಂದು ಚದರ ಮೀಟರಿಗೆ 10 ಲಕ್ಷ ಬಿಂದುಗಳಾಗುತ್ತವೆ. ಸಾವಿರ ಚದರ ಮೀಟರಿನ ಗೋಡೆಗೆ 100 ಕೋಟಿ. ಅಷ್ಟಾದರೂ ಎರಡು ಮಿಲಿಮೀಟರಿಗಿಂತ ಸಣ್ಣ ವಿವರ ನಂಬುವಂತೆ ಮೂಡುವುದಿಲ್ಲ. ಲಕ್ಕುಂಡಿಯ ಕಾಶೀವಿಶ್ವೇಶ್ವರ ಗುಡಿಯ ದ್ವಾರಪಟ್ಟಿಯಲ್ಲಿರುವ ಬಳ್ಳಿಯ ಎಳೆಗಳನ್ನು ಕಂಡವರಿಗೆ ಎರಡು ಮಿಲಿಮೀಟರೆಂದರೆ ಎಷ್ಟು ದೊಡ್ಡದೆಂಬುದು ಗೊತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಮಾರ್ಕ್ ಲೆವಾಯ್ ಅವರ ತಂಡ 1999ರಲ್ಲಿ ಫ್ಲಾರೆನ್ಸಿನ ಡೇವಿಡ್ ಮೂರ್ತಿಯನ್ನು ಅಳೆದಾಗ ಉಳಿಯ ಗುರುತುಗಳೂ ಕಾಣಬೇಕೆಂದು ಕಾಲು ಮಿಲಿಮೀಟರಿನ ಆಸುಪಾಸಿಗೆ ಇಳಿದಿತ್ತು; ಒಂದೇ ಮೂರ್ತಿಗೆ ಸುಮಾರು 200 ಕೋಟಿ ಬಹುಭುಜಗಳೂ 7,000 ವರ್ಣಚಿತ್ರಗಳೂ ಆದವು. ದೂರದ ಗೋಡೆಗೆ ನಿಲ್ಲಿಸುವ ಲೇಸರ್ ಯಂತ್ರ, ಸಣ್ಣ ಕೆತ್ತನೆಗೆ ಕೈಯಲ್ಲಿ ಹಿಡಿದ ಬೆಳಕಿನ ಪಟ್ಟೆಗಳ ಯಂತ್ರ, ಎಟುಕದ ಶಿಖರಕ್ಕೆ ಡ್ರೋನಿನಿಂದ ತೆಗೆದ ಛಾಯಾಚಿತ್ರಗಳು, ಹೀಗೆ ಮೂರನ್ನೂ ಬೆರೆಸುವುದು ಇಂದಿನ ರೂಢಿ.

ತೊಡಕುಗಳು ಇನ್ನೂ ಇವೆ. ಕಿರಣದ ಚುಕ್ಕೆಗೆ ಅಗಲವಿದೆ. ಅರ್ಧ ಚುಕ್ಕೆ ಎಲೆಯ ಅಂಚಿಗೂ ಉಳಿದರ್ಧ ಹಿಂದಿನ ಗೋಡೆಗೂ ತಾಗಿದಾಗ ಎರಡರ ನಡುವೆ, ಕಲ್ಲೇ ಇಲ್ಲದ ಕಡೆ, ಸುಳ್ಳು ಬಿಂದುವೊಂದು ಹುಟ್ಟುತ್ತದೆ. ಮೆರುಗುಕೊಟ್ಟ ಕರಿಯ ಬಳಪದ ಕಲ್ಲು ಬೆಳಕನ್ನು ಸರಿಯಾಗಿ ಮರಳಿಸದು. ಕಪೋತದ ಮೇಲ್ಮೈ ನೆಲದಿಂದ ಕಾಣದು. ಮದನಿಕೆಯ ಬೆನ್ನಿಗೂ ಗೋಡೆಗೂ ನಡುವೆ ಕೈಬೆರಳು ತೂರುವಷ್ಟು ಸಂದಿದ್ದರೆ ಅಲ್ಲಿ ಕಿರಣ ಸೇರದು. ಹೀಗೆ ಬಲೆಯಲ್ಲಿ ತೂತುಗಳು ಬೀಳುತ್ತವೆ. ಅಷ್ಟೇ ಅಲ್ಲ, ಸುಳ್ಳು ಬಿಂದುಗಳನ್ನು ತೊಡೆಯಲೆಂದು ಮೈಯನ್ನು ನಯಗೊಳಿಸಿದರೆ ಉಳಿಯ ಚೂಪಾದ ಅಂಚೂ ನಯವಾಗಿಬಿಡುತ್ತದೆ. ಪರದೆಯ ಮೇಲೆ ಗುಡಿ ಸಾಬೂನಿನಲ್ಲಿ ಎರೆದಂತೆ ಕಾಣುವುದು ಇದರಿಂದಲೇ.

ತೂತನ್ನು ಹೇಗೆ ಮುಚ್ಚಬೇಕು? ಇತಿಹಾಸಕಾರನು ಎಚ್ಚರಗೊಳ್ಳಬೇಕಾದ ಸ್ಥಳ ಇದು. ಸುತ್ತಲಿನ ಮೈಯನ್ನು ಹಾಗೆಯೇ ಬಾಗಿಸಿ ಹೊಲಿಯುವುದು ಒಂದು ಕ್ರಮ. ಅಲ್ಲಿ ಇದ್ದ ಕೆತ್ತನೆ ಮರೆಯಾಗಿ ಬೋಳು ಉಬ್ಬು ನಿಲ್ಲುತ್ತದೆ. ಅದೇ ಗುಡಿಯ ಬೇರೊಂದು ಸದೃಶ ಭಾಗದಿಂದ ತುಂಡನ್ನು ತಂದು ಅಂಟಿಸುವುದು ಇನ್ನೊಂದು ಕ್ರಮ. 24 ಮೂಲೆಗಳಲ್ಲಿ ಒಂದು ಮುರಿದಿದ್ದರೆ ಉಳಿದ 23 ಸಾಕ್ಷಿಗಳಿವೆಯಲ್ಲ ಎಂಬುದು ಇದರ ವಾದ. ಅಧಿಷ್ಠಾನದ ಪಟ್ಟಿಕೆಗೆ ಈ ವಾದ ಸರಿ. ಆದರೆ ಹಳೇಬೀಡಿನ ಆನೆಗಳ ಸಾಲಿಗೆ? ಒಂದರ ಸೊಂಡಿಲು ಎತ್ತಿದೆ, ಇನ್ನೊಂದರದು ಮುಂದಿನದರ ಬಾಲವನ್ನು ಹಿಡಿದಿದೆ. ಒಡೆದ ಆನೆಯ ಜಾಗದಲ್ಲಿ ಪಕ್ಕದ ಆನೆಯನ್ನೇ ನಿಲ್ಲಿಸಿದರೆ, 12ನೆಯ ಶತಮಾನದ ಶಿಲ್ಪಿ ಎಂದೂ ಕೆತ್ತದ ಆನೆಯೊಂದನ್ನು ಅವನ ಹೆಸರಿಗೆ ಹಚ್ಚಿದಂತಾಗುತ್ತದೆ. ಆ ಕಾಲದ ರೂವಾರಿಗಳು ಹೆಸರಿಲ್ಲದ ಕೂಲಿಗಳಲ್ಲ ಎಂಬುದನ್ನು ನೆನೆಯಬೇಕು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರು ಬೇಲೂರಿನಲ್ಲಿಯೂ, ಮಲ್ಲಿತಮ್ಮನು ಸೋಮನಾಥಪುರದಲ್ಲಿಯೂ ತಮ್ಮ ಕೆಲಸದ ಕೆಳಗೆ ತಮ್ಮ ಹೆಸರು ಕೆತ್ತಿ ಹೋಗಿದ್ದಾರೆ. ರುಜುವಿರುವ ಕೃತಿಗೆ ಗಣಕವು ಸಾಲು ಸೇರಿಸುವುದೆಂದರೆ ಪಾಠ ಕೆಟ್ಟ ಓಲೆಗ್ರಂಥಕ್ಕೆ ಲಿಪಿಕಾರನು ಪದ್ಯ ಕಟ್ಟಿ ಸೇರಿಸಿದಂತೆ. ಗ್ರಂಥಸಂಪಾದನೆಯಲ್ಲಿ ಇಂಥದನ್ನು ಕಂಸದಲ್ಲಿ ತೋರಿಸುವ ಶಿಸ್ತುಂಟು.

ಹಾಗೆ ನೋಡಿದರೆ ಹಳೆಯ ನಕ್ಷೆಗಾರರೂ ಪೂರ್ಣ ನಿರ್ದೋಷಿಗಳಲ್ಲ. ಸಮಾಂಗವಾದ ಭುವನೇಶ್ವರಿಯ ಅರ್ಧವನ್ನು ಅಳೆದು ಉಳಿದರ್ಧವನ್ನು ಅದರ ಪ್ರತಿಬಿಂಬವಾಗಿ ಬರೆಯುವುದು ಅಳತೆಚಿತ್ರಗಳಲ್ಲಿ ಹಿಂದಿನಿಂದ ಬಂದ ಅಭ್ಯಾಸ. ಸವೆದ ಮುಖಕ್ಕೆ ಲೇಖನಿ ಮೂಗು ಕೊಡುವುದೂ ಅಪರೂಪವಲ್ಲ. ವ್ಯತ್ಯಾಸವೇನೆಂದರೆ, ಮಸಿಯ ರೇಖೆಯನ್ನು ಕಂಡವನು ಇದು ಮನುಷ್ಯನ ಕೈಯೆಂದು ಅನುಮಾನಿಸುತ್ತಾನೆ. ಗಣಕದ ಮಾದರಿಯನ್ನು ಕಂಡವನು ಅನುಮಾನಿಸುವುದಿಲ್ಲ. 1964ರ ವೆನಿಸ್ ಸನ್ನದು ಊಹೆ ತೊಡಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕೆಂದು ವಿಧಿಸಿತು. ಗಣಕಚಿತ್ರಗಳಿಗೆ ಅನ್ವಯಿಸುವಂತೆ 2006ರಲ್ಲಿ ಲಂಡನ್ ಸನ್ನದು ರೂಪುಗೊಂಡಿತು. ಯಾವುದು ಅಳೆದದ್ದು, ಯಾವುದು ಊಹಿಸಿದ್ದು, ಏಕೆ ಹಾಗೆ ಊಹಿಸಲಾಯಿತು ಎಂಬುದನ್ನು ಮಾದರಿಯೊಡನೆಯೇ ಬರೆದಿಡಬೇಕೆಂಬುದು ಅದರ ಆಶಯ.

ಕನ್ನಡ ನಾಡಿನಲ್ಲಿ ಈ ಪ್ರಶ್ನೆಗಳು ದೊಡ್ಡ ಪ್ರಮಾಣದಲ್ಲಿ ಎದುರಾದುದು ಹಂಪೆಯಲ್ಲಿ. ಕೇಂದ್ರ ಸರಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2010ರ ದಶಕದಲ್ಲಿ ನಡೆಸಿದ ಭಾರತೀಯ ಡಿಜಿಟಲ್ ಪರಂಪರೆಯ ಯೋಜನೆಯಲ್ಲಿ ಹಂಪೆಯೇ ಮುಖ್ಯ ಕ್ಷೇತ್ರವಾಗಿತ್ತು. ದೆಹಲಿಯ ಐ.ಐ.ಟಿ.ಯವರು ವಿಠ್ಠಲ ದೇವಾಲಯದ ರೂಪವನ್ನು ಲೇಸರಿನಿಂದಲೂ ಛಾಯಾಚಿತ್ರಗಳಿಂದಲೂ ಗಣಕಕ್ಕಿಳಿಸಿದರು. ಮದರಾಸಿನ ಐ.ಐ.ಟಿ.ಯವರು ಭಗ್ನ ಭಾಗಗಳನ್ನು ಸದೃಶ ಭಾಗಗಳ ಆಧಾರದಿಂದ ತುಂಬುವ ಕ್ರಮವನ್ನು ಶೋಧಿಸಿದರು. ಹುಬ್ಬಳ್ಳಿಯ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ, ಅಂದರೆ ಇಂದಿನ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ, ಉಮಾ ಮುದೇನಗುಡಿಯವರ ತಂಡವು ವಕ್ರ ಮೇಲ್ಮೈಗಳ ಜ್ಯಾಮಿತಿಯನ್ನು ಬಳಸಿ, ಒರಟಾಗಿ ಅಳೆದ ಮಾದರಿಯಿಂದ ಹೆಚ್ಚು ಸೂಕ್ಷ್ಮವಾದ ಮಾದರಿಯನ್ನು ಪಡೆಯುವ ಕೆಲಸ ಮಾಡಿತು. ಯೋಜನೆಯ ಪ್ರಬಂಧಗಳು 2017ರಲ್ಲಿ ಪುಸ್ತಕರೂಪದಲ್ಲಿ ಬಂದವು. ಒಂದು ಶತಮಾನದ ಹಿಂದೆ ಲಕ್ಕುಂಡಿಯ ಕಲ್ಲನ್ನು ಅಳೆದ ರೇಖೆಗಳು ಪುಣೆಗೆ ಹೋದವು. ಈಗ ಹಂಪೆಯ ಕಲ್ಲಿನ ವಕ್ರತೆಯನ್ನು ಹುಬ್ಬಳ್ಳಿಯಲ್ಲಿಯೇ ಲೆಕ್ಕ ಹಾಕುತ್ತಾರೆ. ಹೊರನಾಡಿನಲ್ಲಿ ಕುಳಿತ ಕನ್ನಡಿಗರಿಗೆ ಈ ಬದಲಾವಣೆ ಸಣ್ಣದಾಗಿ ಕಾಣದು.

ಬೆಂಗಳೂರಿನ ಮಿಥಿಕ್ ಸೊಸೈಟಿಯ ಪ್ರಯತ್ನವನ್ನೂ ಇಲ್ಲಿ ಹೇಳಲೇಬೇಕು. 1909ರಲ್ಲಿ ಹುಟ್ಟಿದ ಆ ಸಂಸ್ಥೆ 2021ರಲ್ಲಿ ಬೆಂಗಳೂರಿನ ಸುತ್ತಮುತ್ತಲ ಶಿಲಾಶಾಸನಗಳನ್ನು ಮೂರು ಆಯಾಮಗಳಲ್ಲಿ ಅಳೆದಿಡುವ ಕಾರ್ಯವನ್ನು ಕೈಗೊಂಡಿತು. 8ನೆಯ ಶತಮಾನದ ಹೆಬ್ಬಾಳದ ಕಿತ್ತಯ್ಯನ ಕಲ್ಲು ಅಳೆಯಲ್ಪಟ್ಟ ಶಾಸನಗಳಲ್ಲೊಂದು. ಶಾಸನಕ್ಕೆ ಈ ವಿದ್ಯೆ ಹೇಳಿ ಮಾಡಿಸಿದಂತಿದೆ. ಸವೆದ ಅಕ್ಷರದ ಆಳ ಮಿಲಿಮೀಟರಿನ ಭಾಗದಷ್ಟೇ ಉಳಿದಿದ್ದರೂ, ಗಣಕದೊಳಗೆ ದೀಪವನ್ನು ಬೇಕಾದ ಕಡೆಯಿಂದ ಹಿಡಿದು ನೆರಳು ಬೀಳಿಸಿದರೆ ಅಕ್ಷರ ಏಳುತ್ತದೆ. ಕಲ್ಲಿಗೆ ಮಸಿ ಬಳಿಯಬೇಕಾಗಿಲ್ಲ, ಕಾಗದ ಬಡಿಯಬೇಕಾಗಿಲ್ಲ.

ಬೆಳಕಿನ ಅಳತೆಗೆ ಸಿಗದ ಸಂಗತಿಯೂ ಹಂಪೆಯಲ್ಲಿಯೇ ಇದೆ. ವಿಠ್ಠಲ ದೇವಾಲಯದ ಸಂಗೀತದ ಕಂಬಗಳು ಟೊಳ್ಳೆಂಬ ಮಾತು ಬಹುಕಾಲ ಹಬ್ಬಿತ್ತು. ಕಲ್ಪಾಕ್ಕಮ್ಮಿನ ಅಣುಸಂಶೋಧನ ಕೇಂದ್ರದ ವಿಜ್ಞಾನಿಗಳು ಶಬ್ದಾತೀತ ಅಲೆಗಳಿಂದ ಪರೀಕ್ಷಿಸಿ, ಅವು ಗಟ್ಟಿ ಕಲ್ಲೇ ಎಂದೂ, ಬಾಗುವ ಕಂಪನದಿಂದ ನಾದ ಹೊಮ್ಮುತ್ತದೆಂದೂ 2008ರಲ್ಲಿ ತೋರಿಸಿದರು. ಲೇಸರಿಗೆ ತಿಳಿಯುವುದು ಮೈ ಮಾತ್ರ.

ಇನ್ನುಳಿದುದು ಅಳತೆಯ ಆಯುಸ್ಸಿನ ಮಾತು. ಕಸನ್ಸರ ಗ್ರಂಥವನ್ನು ಇಂದಿಗೂ ಕಪಾಟಿನಿಂದ ತೆಗೆದು ಓದಬಹುದು. ಗ್ರೀನ್‌ಲಾನ ಮೇಣದ ಕಾಗದ ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಯಾರ ಗಮನಕ್ಕೂ ಬಾರದೆ ಬಿದ್ದಿದ್ದು ಮತ್ತೆ ಚಿತ್ರ ಕೊಟ್ಟಿತು. ಇಂದಿನ ಬಿಂದುಮೇಘ ಹಾಗೆ ಬಿದ್ದಿರಲಾರದು. ಯಂತ್ರ ಮಾಡಿದ ಕಂಪೆನಿಯ ಸ್ವಂತ ಕಡತರೂಪದಲ್ಲಿ ಅದನ್ನಿಟ್ಟರೆ, ಆ ತಂತ್ರಾಂಶ ನಿಂತ ದಿನ ಮೋಡವೂ ಕರಗಿದಂತೆಯೇ. ಎಲ್ಲ ಯಂತ್ರಗಳೂ ಬರೆಯಬಹುದಾದ ಇ-57 ಎಂಬ ತೆರೆದ ಕಡತರೂಪವನ್ನು ಅಮೆರಿಕದ ಮಾನಕ ಸಂಸ್ಥೆಯೊಂದು 2011ರಲ್ಲಿ ಪ್ರಕಟಿಸಿದುದು ಈ ಭಯದಿಂದಲೇ. ಬಿಂದುಗಳು ಯಾರ ಸ್ವತ್ತು, ಸಂಶೋಧಕನಿಗೆ ಅವು ಎಲ್ಲಿ ದೊರೆಯಬೇಕು ಎಂಬ ಪ್ರಶ್ನೆ ತಂತ್ರದ್ದಲ್ಲ, ಆಡಳಿತದ್ದು. ಒಂದೊಂದು ಸಂಸ್ಥೆಯ ಗಣಕದಲ್ಲಿ ಒಂದೊಂದು ಗುಡಿ ಉಳಿದರೆ ಹಿಂದಿನ ನಾಲ್ಕು ಸರಕಾರಗಳ ನಾಲ್ಕು ಕಡತಗಳ ಪಾಡೇ ಮತ್ತೆ ಬರುತ್ತದೆ. ಘಟಕಗಳಿಗೆ ಹೆಸರಿಡುವಾಗಲೂ ಕುಮುದ, ಕಪೋತ, ಬೋದಿಗೆ, ಭುವನೇಶ್ವರಿಗಳೆಂಬ ಹೆಸರುಗಳೇ ಕನ್ನಡ ಲಿಪಿಯಲ್ಲಿ ಕಡತದೊಳಗೆ ಇರುವುದಕ್ಕೆ ತಂತ್ರದ ಅಡ್ಡಿಯೇನೂ ಇಲ್ಲ, ಇಡುವವರು ಬೇಕಾಗಿದ್ದಾರೆ. ಧನಕವಡಿಯಂಥ ಬಡಾವಣೆಯಲ್ಲಿ ಗಣಕವಿದ್ಯೆಯನ್ನು ಕಲಿಯುತ್ತಿರುವ ಧಾರವಾಡ ಸೀಮೆಯ ಹುಡುಗರಿಗೆ ಈ ಕೆಲಸ ಹೊರತಾದುದಲ್ಲ.

ವಿಠ್ಠಲನ ರಥದ ಶಿಖರಕ್ಕೂ ಈ ದಾರಿಯಲ್ಲಿ ಒಂದು ಉಪಾಯವುಂಟು. ಜರ್ಮನಿಯ ಮೈಡೆನ್‌ಬಾವರ್ ಎಂಬ ತರುಣ ವಾಸ್ತುಶಿಲ್ಪಿ 1858ರಲ್ಲಿ ವೆಟ್ಸ್‌ಲಾರಿನ ದೇವಾಲಯವನ್ನು ಅಳೆಯುತ್ತ ಮೇಲಿನಿಂದ ಬೀಳುವುದರಲ್ಲಿದ್ದನು. ಬದುಕಿಕೊಂಡವನು, ಕಟ್ಟಡವನ್ನು ಹತ್ತಿ ಅಳೆಯುವುದಕ್ಕಿಂತ ಅದರ ಛಾಯಾಚಿತ್ರವನ್ನೇ ಅಳೆಯುವುದು ಮೇಲೆಂದು ಯೋಚಿಸಿದನು. ಆ ಯೋಚನೆಯಿಂದ ಬೆಳೆದ ಶಾಸ್ತ್ರದ ಪ್ರಕಾರ, ಚಿತ್ರದಲ್ಲಿ ಕಾಣುವ ಕೆಲವು ಬಿಂದುಗಳ ನಿಜವಾದ ಸ್ಥಾನ ಗೊತ್ತಿದ್ದರೆ ಕ್ಯಾಮೆರಾ ನಿಂತ ಜಾಗವನ್ನು ಗಣಿಸಬಹುದು, ಅದರಿಂದ ಚಿತ್ರದ ಉಳಿದ ಭಾಗಗಳ ಎತ್ತರ ಅಗಲಗಳನ್ನು ಅಂದಾಜು ಮಾಡಬಹುದು. ರಥದ ಕಲ್ಲಿನ ಭಾಗ ಇಂದಿಗೂ ನಿಂತಿದೆ, ಅದನ್ನು ಮಿಲಿಮೀಟರಿನವರೆಗೆ ಅಳೆಯಬಹುದು. ಗ್ರೀನ್‌ಲಾನ ಚಿತ್ರದಲ್ಲಿ ಅದೇ ಕಲ್ಲು ಶಿಖರದ ಕೆಳಗಿದೆ. ಎರಡನ್ನೂ ಹೊಂದಿಸಿದರೆ ಕಾಣೆಯಾದ ಇಟ್ಟಿಗೆಯ ಶಿಖರದ ಹೊರರೇಖೆ ಎದುರಿನ ಒಂದು ಮಗ್ಗುಲಿಗಷ್ಟೇ, ಅಳತೆಸಹಿತವಾಗಿ ದೊರೆಯುತ್ತದೆ. ಹಿಂಬದಿಯ ಮಗ್ಗುಲು ಆ ಚಿತ್ರದಲ್ಲಿಲ್ಲ. ಮಾದರಿಯಲ್ಲಿ ಅದನ್ನು ಬೇರೆ ಬಣ್ಣದಲ್ಲಿ ತೋರಿಸಿ, ಪಕ್ಕದಲ್ಲಿ 1856 ಎಂದು ಬರೆಯತಕ್ಕದ್ದು.